ಚಳಿಗಾಲದಲ್ಲಿ ಬಂದ ಸೆಕೆ

ಆ ಚಳಿಗಾಲದಲ್ಲಿ ಮನೆಯವರು ನನ್ನನ್ನು ಹುಳುಮನೆಯಿಂದ ಹೊರಗೆ ನಿಲ್ಲಿಸಿದರು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ನಿಮ್ಮ ತಾತ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ನಿಮ್ಮಮ್ಮ ಮದುವೆಯಾಗಿ ಹೋಗಿದ್ದಳು. ಶಿಡ್ಲಘಟ್ಟದ ಕಡೆಯ ನಮ್ಮೂರಿನಲ್ಲಿ ಅತ್ತೆ, ಮೈದುನ, ಓರಗಿತ್ತಿ, ನಾನು ಒಂದೇ ಮನೆಯಲ್ಲಿದ್ದೆವು. ಹಬ್ಬ, ಮದುವೆ ಎಂದರೆ ನಾನು ಎಲ್ಲರ ಹಿಂದೆ ನಿಲ್ಲುವವಳು. ರೇಷ್ಮೆ ಹುಳು ಸಾಕುವ ಆ ಮನೆಯೊಳಗೆ ಮಾತ್ರ ನನ್ನ ಮಾತು ನಡೆಯುತ್ತಿತ್ತು. ಸೊಪ್ಪು ಯಾವಾಗ ಹಾಕಬೇಕು, ಎಷ್ಟು ಹಾಕಬೇಕು ಎಂದು ಮೈದುನನೂ ನನ್ನನ್ನೇ ಕೇಳುತ್ತಿದ್ದ.

ಮುಟ್ಟಾದ ಹೆಂಗಸರು ಹುಳುಮನೆಗೆ ಹೋದರೆ ಹುಳು ಕೆಡುತ್ತದೆ ಎಂದು ನಮ್ಮಲ್ಲಿ ನಂಬಿದ್ದರು. ನಾನೂ ನಂಬಿದ್ದೆ. ನನ್ನ ದಿನಗಳಲ್ಲಿ ಓರಗಿತ್ತಿ, ಅವಳ ದಿನಗಳಲ್ಲಿ ನಾನು ನೋಡಿಕೊಳ್ಳುತ್ತಿದ್ದೆವು. ಆ ವರ್ಷ ನನ್ನ ಮುಟ್ಟಿನ ಲೆಕ್ಕ ತಪ್ಪಿತು. ಕೆಲವು ತಿಂಗಳು ಬರುತ್ತಲೇ ಇರಲಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ಬರುತ್ತಿತ್ತು. ಅದರ ಹಿಂದೆಯೇ ಸೆಕೆ ಶುರುವಾಯಿತು.

ಚಳಿಗೆ ಹುಳು ಸೊಪ್ಪು ತಿನ್ನುವುದಿಲ್ಲವೆಂದು ಬಾಗಿಲು ಮುಚ್ಚಿ, ಒಳಗೆ ಇದ್ದಿಲಿನ ಒಲೆ ಇಟ್ಟಿದ್ದೆವು. ಸೊಪ್ಪು ಹಾಕುತ್ತಿರುವಾಗಲೇ ಎದೆಯಿಂದ ಕಾವು ಏಳುತ್ತಿತ್ತು. ಕುತ್ತಿಗೆ, ಕಿವಿ, ಮುಖಕ್ಕೆ ಹತ್ತಿ, ಎದೆ ಡವಡವ ಹೊಡೆದುಕೊಂಡು, ರವಿಕೆ ಒದ್ದೆಯಾಗುವಷ್ಟು ಬೆವರು. ಸ್ವಲ್ಪ ಹೊತ್ತಿಗೆ ಅದೇ ಮೈಗೆ ನಡುಕ. ನಿಮ್ಮ ತಾತನಿಗೂ ಕೊನೆಯ ದಿನ ಎದೆ ಹಿಡಿದುಕೊಂಡು ಹೀಗೆಯೇ ಬೆವರು ಕಿತ್ತುಕೊಂಡಿತ್ತು. ನನಗೂ ಅದೇ ಬಂತೆಂದುಕೊಂಡೆ. ಯಾರಿಗೂ ಹೇಳದೆ ನೀರಿನ ನೆಪ, ಸೊಪ್ಪಿನ ನೆಪ ಮಾಡಿಕೊಂಡು ಆಚೆ ಹೋಗುತ್ತಿದ್ದೆ. ಓರಗಿತ್ತಿ ನೋಡುತ್ತಿದ್ದಳು, ಕೇಳುತ್ತಿರಲಿಲ್ಲ.

ಕೊನೆಯ ಹಂತಕ್ಕೆ ಬಂದ ಹುಳುಗಳಲ್ಲಿ ಕೆಲವು ಸೀಮೆಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಬಿಗಿದು ಸತ್ತವು. ಚಳಿ, ತೇವ ಹೆಚ್ಚಾದರೆ ಬರುವ ರೋಗ ಅದು. ಆದರೆ ಮನೆಯಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡತೊಡಗಿದರು. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು.

"ನಿಜ ಹೇಳು. ಮುಟ್ಟಾಗಿದ್ದೂ ಒಳಗೆ ಹೋಗ್ತಿದೀಯಾ?"

"ಇಲ್ಲ ಅತ್ತೆ."

"ಮತ್ಯಾಕೆ ಗಳಿಗೆಗೊಂದು ಸಲ ಆಚೆ ಓಡ್ತೀಯ?"

ಅವರು ಕೇಳುತ್ತಿರುವಾಗಲೇ ಎದೆಯಲ್ಲಿ ಕಾವು ಎದ್ದಿತು. ಸೆರಗಿನಿಂದ ಒರೆಸಿಕೊಂಡಷ್ಟೂ ಬೆವರು ಇಳಿಯಿತು.

"ನೋಡು, ಬಾಯಿ ಇಲ್ಲ ಅಂದ್ರೂ ಮೈ ನಿಜ ಹೇಳ್ತದೆ," ಎಂದರು. "ಗೂಡು ಕಟ್ಟೋವರೆಗೂ ಒಳಕ್ಕೆ ಹೋಗ್ಬೇಡ ಕಣಮ್ಮ."

ಆ ಬೆಳೆ ಕೆಟ್ಟರೆ ಮುಂದಿನ ಬೆಳೆಗೂ ನನ್ನನ್ನು ಸೇರಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಮೇಲೆ ಆ ಮನೆಯಲ್ಲಿ ನನಗೆ ಉಳಿಯುವುದು ಪಾತ್ರೆ, ಕಸ ಮಾತ್ರ.

ಮಾರನೆಯ ದಿನ ಅಕ್ಕನ ಮನೆಗೆಂದು ಹೇಳಿ ಚಿಂತಾಮಣಿಯ ಬಸ್ಸು ಹತ್ತಿ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆ. ಹೇಳಲು ನಾಚಿಕೆಯಾಗಿ ಮೊದಲು ಮಂಡಿನೋವು ಎಂದೆ. ಅವರು ಮಂಡಿ ಒತ್ತಿ ನೋಡಿ, ಬೇರೆ ಏನು ಎಂದು ಕೇಳಿದರು. ಆಮೇಲೆ ಎಲ್ಲವನ್ನೂ ಹೇಳಿದೆ. ಬಿಪಿ ನೋಡಿದರು, ಎದೆಬಡಿತದ ಇಸಿಜಿ ತೆಗೆಸಿದರು, ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಹೃದಯ ಸರಿಯಾಗಿತ್ತು.

"ಮುಟ್ಟು ನಿಲ್ಲೋ ಕಾಲ ಅಮ್ಮ ಇದು, ಕಾಯಿಲೆ ಅಲ್ಲ," ಎಂದರು. ಮೈಯ ಶಾಖವನ್ನು ಹದದಲ್ಲಿಡುವ ಏರ್ಪಾಡು ಆ ವಯಸ್ಸಿನಲ್ಲಿ ಸ್ವಲ್ಪ ಏರುಪೇರಾಗುತ್ತದಂತೆ. ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಹೀಗೆ ಬರುತ್ತದಂತೆ. ಬಿಸಿ ಕಾಫಿ, ಖಾರ, ಮುಚ್ಚಿದ ಕೋಣೆ, ಗಾಬರಿ, ಇವು ಅದನ್ನು ಕೆಣಕುತ್ತವೆ. ಸಡಿಲವಾದ ಹತ್ತಿಯ ಬಟ್ಟೆ ಹಾಕು, ಬಂದಾಗ ಗಾಳಿಗೆ ನಿಂತು ನಿಧಾನವಾಗಿ ಉಸಿರು ಬಿಡು, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿಕೋ ಎಂದರು. ತಡೆಯಲಾರದಷ್ಟಾದರೆ ಮಾತ್ರೆಗಳೂ ಇವೆ, ನೋಡಿ ಕೊಡುತ್ತೇನೆ ಎಂದರು. ಮುಟ್ಟು ಪೂರ್ತಿ ಒಂದು ವರ್ಷ ನಿಂತ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ತಡಮಾಡದೆ ತೋರಿಸಬೇಕು ಎಂದು ಎರಡು ಸಲ ಹೇಳಿದರು. ಹೆಣ್ಣುಮಕ್ಕಳೇ, ಇದನ್ನು ನೀವು ಮರೆಯಬೇಡಿ.

ಕಾಫಿ ಬಿಟ್ಟು ಮಜ್ಜಿಗೆ ಕುಡಿಯತೊಡಗಿದೆ. ಸೆಕೆ ನಿಲ್ಲಲಿಲ್ಲ, ಆದರೆ ಸಾಯುತ್ತೇನೆಂಬ ಭಯ ಹೋಯಿತು. ಭಯ ಹೋದ ಮೇಲೆ ಬೇಗ ಇಳಿಯುತ್ತಿತ್ತು. ಮನೆಯಲ್ಲಿ ಮಾತ್ರ ಬಾಯಿ ಬಿಡಲಾಗಲಿಲ್ಲ. ಮೈದುನನ ಎದುರು ಇಂಥ ಮಾತು ಆಡುವುದು ಹೇಗೆ?

ಅಷ್ಟರಲ್ಲಿ ಹುಳು ಹಣ್ಣಾಗಿ ನೂಲು ಬಿಡಲು ಸಿದ್ಧವಾಯಿತು. ಹಣ್ಣಾದ ಹುಳುವನ್ನು ಆಗಿಂದಾಗಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅದು ಸೊಪ್ಪಿನ ಮೇಲೆಯೇ ನೂಲು ಬಿಟ್ಟು ಹಾಳಾಗುತ್ತದೆ. ಒಂದೇ ಬೆಳಿಗ್ಗೆ ತಟ್ಟೆ ತಟ್ಟೆಯೂ ಹಣ್ಣಾಗಿತ್ತು. ಕೂಲಿಗೆ ಸಿಕ್ಕಿದ್ದು ಒಬ್ಬಳೇ ಹೆಂಗಸು. ಓರಗಿತ್ತಿ ಹುಳುಮನೆಯ ಬಾಗಿಲಿಗೆ ಬಂದು ಅತ್ತೆಯನ್ನು ನೋಡದೆ ನನ್ನನ್ನು ಕರೆದಳು.

"ಅಕ್ಕ, ಕೈ ಸಾಲ್ತಿಲ್ಲ."

ಅತ್ತೆ ಹೊಸಲಿನ ಹತ್ತಿರವೇ ಕುಳಿತಿದ್ದರು. ಮೈದುನ ಚಂದ್ರಿಕೆ ಹೊತ್ತುಕೊಂಡು ನಿಂತಿದ್ದ. ಸುಮ್ಮನೆ ಒಳಗೆ ನುಗ್ಗಿಬಿಡಬಹುದಿತ್ತು. ಆದರೆ ಸೆಕೆ ಬಂದಾಗ ಮತ್ತೆ ಕಳ್ಳಿಯ ಹಾಗೆ ಆಚೆ ಓಡಬೇಕಾಗುತ್ತಿತ್ತು.

"ಮುಟ್ಟಾಗಿಲ್ಲ ಅತ್ತೆ, ಮುಟ್ಟು ನಿಲ್ತಾ ಇದೆ," ಎಂದೆ. "ಈ ಕಾಲಕ್ಕೆ ಹೀಗೆ ಸೆಕೆ ಬರ್ತದಂತೆ, ಡಾಕ್ಟ್ರು ಹೇಳಿದ್ರು. ಬಂದಾಗ ಆಚೆ ನಿಂತ್ಕೊಂಡು ಬರ್ತೀನಿ. ಯಾಕೆ ಅಂತ ಯಾರೂ ಕೇಳ್ಬೇಡಿ."

ಮೈದುನ ನೆಲ ನೋಡಿದ. ಒಳಗಿನಿಂದ ಕೂಲಿಯವಳು ನಕ್ಕಳು. "ಏಮಮ್ಮಾ, ಇದಕ್ಕಾ ಇಷ್ಟು ಪಂಚಾಯ್ತಿ? ನಂಗೆ ಬಂದಾಗ ನಮ್ಮ ಯಜಮಾನ್ರು ದೆವ್ವ ಅಂತ ಬೇವಿನ ಸೊಪ್ಪಲ್ಲಿ ಹೊಡೆಸಿದ್ರು. ಗಾಳಿ ಬೀಸ್ದಂಗಾಗಿ ಚೆನ್ನಾಗೇ ಇತ್ತು."

ಅತ್ತೆ ನಗಲಿಲ್ಲ. ಬಾಗಿಲಿಗೆ ಅಡ್ಡವಾಗಿ ಚಾಚಿದ್ದ ಕಾಲನ್ನು ಮಡಚಿಕೊಂಡರು.

ಕೈ ತೊಳೆದು ಒಳಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಸೆಕೆ ಬಂತು. ಎಲ್ಲರ ಎದುರೇ ಎದ್ದು, ಅಂಗಳದ ಗಾಳಿಗೆ ಕುತ್ತಿಗೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ನಿಂತೆ. ಯಾರೂ ಏನೂ ಕೇಳಲಿಲ್ಲ. ಬೆವರು ಆರಿದ ಮೇಲೆ ವಾಪಸು ಹೋದಾಗ, ಓರಗಿತ್ತಿ ಇನ್ನೂ ಆರಿಸದ ತಟ್ಟೆಯೊಂದನ್ನು ನನ್ನ ಕಡೆಗೆ ಸರಿಸಿ, ಯಾವುದನ್ನು ಮೊದಲು ಚಂದ್ರಿಕೆಗೆ ಬಿಡಬೇಕು ಎಂದು ಕೇಳಿದಳು.