ಮೂರು ಸುಳ್ಳು ಅರ್ಜಿಗಳು

ಅಕ್ಕನ ಎಡಗಾಲು ಮೊಣಕಾಲಿನ ಕೆಳಗೆ ಊದಿಕೊಂಡು, ಚರ್ಮ ಹೊಳೆಯುವಷ್ಟು ಬಿಗಿದುಕೊಂಡ ದಿನ ನಾನು ಕಾಲೇಜಿನ ಕಚೇರಿಯಲ್ಲಿ ಪ್ರವೇಶದ ಅರ್ಜಿಗಳನ್ನು ನೋಡುತ್ತ ಕುಳಿತಿದ್ದೆ. ಇಪ್ಪತ್ತಾರು ವರ್ಷಗಳಿಂದ ನನ್ನ ಕೆಲಸ ಅದೇ. ಯಾರು ಯಾವ ಕಾಲಂ ಖಾಲಿ ಬಿಟ್ಟಿದ್ದಾರೆ, ಯಾರು ತಾರೀಕು ತಿದ್ದಿದ್ದಾರೆ, ಯಾರು ಓದದೆ ಸಹಿ ಹಾಕಿದ್ದಾರೆ ಎಂಬುದು ಕಾಗದ ಕೈಗೆ ಬಂದ ಕೂಡಲೇ ನನಗೆ ತಿಳಿಯುತ್ತದೆ. ಮಧ್ಯಾಹ್ನ ಭಾವನ ಫೋನ್ ಬಂತು.

"ನಿನ್ನ ಅಕ್ಕನನ್ನು ಆಸ್ಪತ್ರೆಗೆ ತಂದಿದ್ದೇನೆ. ಕಾಲು ಬೀಗಿದೆ. ನೀನೊಮ್ಮೆ ಬಾ, ಇಲ್ಲಿ ಫಾರಂ ಅದು ಇದು ಅಂತ ಕೊಡ್ತಾರೆ, ನನಗೆ ಆಗುವುದಿಲ್ಲ."

ಕಾಲೇಜಿರುವ ಬಿಜೈಯಿಂದ ಆಟೋ ಹಿಡಿದು ಹೋದೆ. ಅಕ್ಕ ಚಕ್ರದ ಕುರ್ಚಿಯಲ್ಲಿ ಕುಳಿತಿದ್ದಳು, ಕಾಲು ಮುಂದಕ್ಕೆ ಚಾಚಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಸ್ಕ್ಯಾನಿಂಗಿನಲ್ಲಿ ಕಂಡಿತ್ತು. ಅದರ ಒಂದು ಚೂರು ಜಾರಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ, ಇವತ್ತೇ ದಾಖಲಾಗಬೇಕು ಎಂದರು ಡಾಕ್ಟರು. ಭಾವ ಫಾರಂ ನನ್ನ ಕೈಗೆ ಕೊಟ್ಟರು. 'ಈಗ ತೆಗೆದುಕೊಳ್ಳುತ್ತಿರುವ ಔಷಧಗಳು' ಎಂಬ ಕಾಲಂಗೆ ಬಂದಾಗ ಅಕ್ಕನನ್ನು ಕೇಳಿದೆ.

"ಎಂತ ಇಲ್ಲ" ಎಂದಳು. ಅಷ್ಟು ಬೇಗ ಬರುವ ಉತ್ತರ ನನಗೆ ಗೊತ್ತು. ನಾನು ಪೆನ್ನು ಎತ್ತಲಿಲ್ಲ. ಅವಳು ಭಾವನನ್ನು ಚಾ ತರಲು ಕಳಿಸಿ, ಬ್ಯಾಗಿನ ಒಳಜೇಬಿನಿಂದ ಗುಲಾಬಿ ಬಣ್ಣದ ಒಂದು ಪುಟ್ಟ ಪೆಟ್ಟಿಗೆ ತೆಗೆದಳು. ಮೇಲೆ ನಗುವ ಹೆಂಗಸಿನ ಚಿತ್ರ, ಸುತ್ತ ಹೂವು. ಒಳಗೆ ಅರ್ಧ ಮುಗಿದ ಗುಳಿಗೆಯ ಪಟ್ಟಿ. ಹಾರ್ಮೋನಿನ ಗುಳಿಗೆ. ಮೂರು ತಿಂಗಳಿಂದ ಆನ್‌ಲೈನಿನಲ್ಲಿ ತರಿಸಿಕೊಂಡು ನುಂಗುತ್ತಿದ್ದಳಂತೆ.

ಅಕ್ಕನಿಗೆ ಆಗ ಐವತ್ತಮೂರು. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಎದೆಯಿಂದ ಮುಖಕ್ಕೆ ಬೆಂಕಿ ಏರಿದ ಹಾಗೆ ಆಗುವುದು, ರವಿಕೆ ಒದ್ದೆಯಾಗುವಷ್ಟು ಬೆವರು, ನಿದ್ರೆ ಇಲ್ಲದಿರುವುದು, ಒಲೆಯ ಮೇಲೆ ಇಟ್ಟದ್ದು ಮರೆತುಹೋಗುವುದು. ನಾದಿನಿಯ, ಅಂದರೆ ಭಾವನ ತಂಗಿಯ, ಮಗಳ ಮದುವೆಯಲ್ಲಿ ಊಟದ ಸಾಲಿನಿಂದ ಎದ್ದು ಹೋಗಿ ಬಚ್ಚಲಿನಲ್ಲಿ ತಲೆಗೆ ನೀರು ಹಾಕಿಕೊಂಡಿದ್ದಳು.

"ಒಂದು ಮಾತು ನನಗೆ ಹೇಳಬಾರದಿತ್ತಾ?" ಎಂದೆ.

"ಹೇಳಿದ್ದೆ ಮಾರಾಯ್ತಿ. ನೀನು ಮಜ್ಜಿಗೆ ಕುಡಿ ಅಂದೆ."

ಹೌದು, ಅಂದಿದ್ದೆ. ಫೋನಿನಲ್ಲಿ, ಬೇರೆ ಏನೋ ಕೆಲಸ ಮಾಡುತ್ತ, ನಗುತ್ತ ಅಂದಿದ್ದೆ. ಆಸ್ಪತ್ರೆಯ ಆ ಬೆಂಚಿನ ಮೇಲೆ ನನಗೆ ಇನ್ನೊಂದು ಸಂಗತಿಯೂ ನೆನಪಾಯಿತು. ಅಕ್ಕನ ಮಗಳು ಹುಟ್ಟಿದಾಗ, ಬಾಣಂತನದಲ್ಲಿ, ಇದೇ ಕಾಲು ಹೀಗೆಯೇ ಊದಿತ್ತು. ಆಗಲೂ ರಕ್ತ ಹೆಪ್ಪುಗಟ್ಟಿದ್ದೇ. ತಿಂಗಳುಗಟ್ಟಲೆ ಔಷಧ ನಡೆದಿತ್ತು.

"ಅದನ್ನು ಈ ಗುಳಿಗೆ ಕಳಿಸಿದವರು ಕೇಳಲಿಲ್ಲವಾ?"

"ಎತ್ತರ, ತೂಕ ಕೇಳಿದ್ರು. ಬೆವರು ಬರ್ತದಾ, ಕೂದಲು ಉದುರ್ತದಾ ಕೇಳಿದ್ರು. ಕಡೆಗೆ ಬೇರೆ ಕಾಯಿಲೆ ಇಲ್ಲ ಅಂತ ಒಂದು ಟಿಕ್ ಇತ್ತು. ಅದು ಮೊದಲೇ ಹಾಕಿ ಆಗಿತ್ತು, ನಾನು ಮುಂದೆ ಒತ್ತಿದೆ ಅಷ್ಟೆ."

ಡಾಕ್ಟರಿಗೆ ಪೆಟ್ಟಿಗೆ ತೋರಿಸಿದೆ. ಅವರು ಕೂಡಲೇ ಗುಳಿಗೆ ನಿಲ್ಲಿಸಿದರು, ಭಾವನಿಗೂ ವಿಷಯ ತಿಳಿಸಿದರು. ಸಂಜೆ ನೋಡಲು ಬರುವವರ ಹೊತ್ತಿಗೆ ಭಾವನ ತಂಗಿಯೂ ಅವಳ ಗಂಡನೂ ಬಂದಿದ್ದರು. ನರ್ಸು ಅಕ್ಕನ ಹೊಟ್ಟೆಗೆ ಇಂಜೆಕ್ಷನ್ ಕೊಡುತ್ತಿದ್ದಳು. ಎಲ್ಲರ ಎದುರು ಭಾವ ನಕ್ಕು ಹೇಳಿದರು: "ಇವಳಿಗೆ ಐವತ್ತಮೂರಕ್ಕೆ ಪುನಃ ಪ್ರಾಯ ಬರಬೇಕಿತ್ತಂತೆ. ಅದಕ್ಕೆ ಮದ್ದು ತರಿಸಿದ್ದು. ಈಗ ಅನುಭವಿಸಲಿ."

ನಾದಿನಿ ತುಟಿ ಮುಚ್ಚಿಕೊಂಡು ನಕ್ಕಳು. ಅಕ್ಕ ಗೋಡೆಯ ಕಡೆಗೆ ತಿರುಗಿದಳು. ಜಗಳ ಮಾಡಿದರೆ ಸಿಟ್ಟು ಅಲ್ಲೇ ಮುಗಿದುಹೋಗುತ್ತದೆ. ನನಗೆ ಅದು ಮುಗಿಯುವುದು ಬೇಕಿರಲಿಲ್ಲ.

ಮರುದಿನ ಆ ಗುಲಾಬಿ ಕಂಪನಿಗೆ ಫೋನ್ ಮಾಡಿದೆ. ಸಿಹಿ ದನಿಯ ಒಬ್ಬ ಹೆಂಗಸು ಎಲ್ಲ ಕೇಳಿಸಿಕೊಂಡಳು. "ನಮಗೂ ತುಂಬ ಬೇಜಾರಾಯ್ತು ಮೇಡಂ. ಆದ್ರೆ ನಿಮ್ಮ ಸಿಸ್ಟರ್ ಬೇರೆ ಯಾವ ಕಾಯಿಲೆಯೂ ಇಲ್ಲ ಅಂತ ಟಿಕ್ ಮಾಡಿದಾರಲ್ಲ. ನಮ್ಮ ಕಡೆಯಿಂದ ಪ್ರೊಸೀಜರ್ ಸರಿ ಇದೆ" ಎಂದಳು. ನಾನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. ಅರ್ಜಿ ತುಂಬಿದವಳ ಮೇಲೆ ತಪ್ಪು ಹೊರಿಸಿದ್ದರು, ಅದೂ ಅರ್ಜಿ ನೋಡುವುದೇ ಕೆಲಸವಾದ ನನ್ನ ಹತ್ತಿರ. ಇನ್ನು ನಾನು ಅವರನ್ನು ಬಿಡುವ ಹಾಗಿರಲಿಲ್ಲ.

ಒಂದು ಹಳೆಯ ಹಾಜರಿ ಪುಸ್ತಕ ತೆಗೆದುಕೊಂಡೆ. ಮುಟ್ಟು ನಿಂತ ಹೆಂಗಸರಿಗೆ ಆನ್‌ಲೈನಿನಲ್ಲಿ ಹಾರ್ಮೋನು ಕೊಡುವ ಮೂರು ಜಾಲತಾಣಗಳನ್ನು ಆರಿಸಿ, ಪುಟದಲ್ಲಿ ತಾಣಕ್ಕೊಂದರಂತೆ ಮೂರು ಕಾಲಂ ಗೀಟು ಹಾಕಿದೆ. ಏನು ಕೇಳುತ್ತಾರೆ, ಏನು ಕೇಳುವುದಿಲ್ಲ, ಡಾಕ್ಟರು ಮುಖ ತೋರಿಸುತ್ತಾರೋ ಇಲ್ಲವೋ, ಯಾವ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಊಟದ ವಿರಾಮದಲ್ಲಿ ಕಚೇರಿಯ ಮೂಲೆಯ ಕಂಪ್ಯೂಟರಿನ ಮುಂದೆ ಕುಳಿತು, ಇಲ್ಲದ ಒಬ್ಬ ಹೆಂಗಸನ್ನು ಹುಟ್ಟಿಸಿದೆ. ಅವಳಿಗೆ ಐವತ್ತಾರು ವರ್ಷ, ಎರಡು ಸಲ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿದೆ. ಹಾರ್ಮೋನು ಕೊಡುವ ಮೊದಲು ಯಾವ ಡಾಕ್ಟರಾದರೂ ಹತ್ತು ಸಲ ಯೋಚಿಸಬೇಕಾದ ಹೆಂಗಸು.

ಗುಲಾಬಿ ತಾಣದಲ್ಲಿ ಇದನ್ನು ಹೇಳಲು ಕಾಲಂ ಇರಲಿಲ್ಲ. 'ಇನ್ನೇನಾದರೂ' ಎಂಬ ಸಣ್ಣ ಚೌಕದಲ್ಲಿ ಎಲ್ಲವನ್ನೂ ಬರೆದೆ. ನನ್ನ ಊಟದ ಡಬ್ಬಿ ತೆರೆಯುವಷ್ಟರಲ್ಲಿ ಉತ್ತರ ಬಂತು: ಅಭಿನಂದನೆಗಳು, ನಿಮ್ಮ ಚಿಕಿತ್ಸೆ ಒಪ್ಪಿಗೆಯಾಗಿದೆ. ಜೊತೆಗೊಂದು ಹೃದಯದ ಚಿತ್ರ. ಔಷಧದ ಚೀಟಿಯಲ್ಲಿ ಒಬ್ಬ ಡಾಕ್ಟರರ ಸಹಿ ಇತ್ತು. ಅಕ್ಕನ ಚೀಟಿಯಲ್ಲಿದ್ದದ್ದೂ ಅದೇ ಸಹಿ. ಪ್ರತಿ ಪರದೆಯ ಚಿತ್ರವನ್ನೂ ತೆಗೆದಿಟ್ಟೆ. ಆ ದಿನ ಊಟ ತುಂಬ ರುಚಿಸಿತು. ಅದನ್ನು ಯಾಕೆ ಮುಚ್ಚಿಡಲಿ?

ಎರಡನೆಯದು ಹಸಿರು ಬಣ್ಣದ ತಾಣ, ಹಚ್ಚುವ ಕ್ರೀಮು ಮಾರುವವರು. ಅಲ್ಲಿ ಅರ್ಜಿಯೇ ಇಲ್ಲ, ಒಂದು ವಾಟ್ಸ್ಆ್ಯಪ್ ನಂಬರು ಮಾತ್ರ. ಕ್ರೀಮಿನಲ್ಲಿ ಯಾವ ಹಾರ್ಮೋನು, ಎಷ್ಟು ಎಂದು ಕೇಳಿದೆ. ಪೂರ್ತಿ ನೈಸರ್ಗಿಕ ಎಂದರು. ಹಾಗಾದರೆ ಹಾರ್ಮೋನು ಇಲ್ಲವೇ ಎಂದೆ. ಉಂಟು, ಆದರೆ ನೈಸರ್ಗಿಕ ಎಂದರು. ಪ್ರಮಾಣ ಎಷ್ಟು ಎಂದದ್ದಕ್ಕೆ ಕೈ ಮುಗಿಯುವ ಚಿತ್ರ ಬಂತು. ನನ್ನ ಸುಳ್ಳು ಕ್ಯಾನ್ಸರಿನ ಬಗ್ಗೆ ಬರೆದೆ. ಈ ವಾರ ರಿಯಾಯಿತಿ ಉಂಟು ಎಂಬ ಉತ್ತರ ಬಂತು.

ಮೂರನೆಯ ತಾಣ ನೋಡಲು ತೀರ ಸಾದಾ. ಅಲ್ಲಿಯ ಅರ್ಜಿ ನನ್ನ ಕಾಲೇಜಿನ ಅರ್ಜಿಗಿಂತಲೂ ಉದ್ದವಾಗಿತ್ತು. ತಾಯಿಗೆ, ಅಕ್ಕತಂಗಿಯರಿಗೆ ಏನೇನು ಕಾಯಿಲೆ ಇತ್ತು, ಗರ್ಭಕೋಶ ಇದೆಯೋ ತೆಗೆದಿದ್ದಾರೋ, ಮುಟ್ಟು ನಿಂತ ಮೇಲೆ ರಕ್ತ ಕಂಡಿದೆಯೋ, ಮೈಗ್ರೇನು, ರಕ್ತದೊತ್ತಡ, ಹೆಪ್ಪುಗಟ್ಟುವಿಕೆ. ತುಂಬಿಸಿ ಮುಗಿದ ಮೇಲೂ ಔಷಧ ಕೊಡಲಿಲ್ಲ. ಡಾಕ್ಟರರೊಡನೆ ವಿಡಿಯೋದಲ್ಲಿ ಮಾತಾಡಬೇಕು ಎಂದರು.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕುಳಿತು ಮಾತಾಡಿದೆ. ಡಾಕ್ಟರು ಬಿಳಿ ಕೂದಲನ್ನು ಗಿಡ್ಡ ಕತ್ತರಿಸಿಕೊಂಡ ಹೆಂಗಸು. ಆಪರೇಷನ್ ಯಾವಾಗ ಆಯಿತು, ಯಾವ ಔಷಧ ಕೊಟ್ಟರು, ರಿಪೋರ್ಟು ಕ್ಯಾಮೆರಾಕ್ಕೆ ತೋರಿಸಿ ಎಂದು ಒಂದರ ಮೇಲೊಂದು ಕೇಳಿದರು. ನಾನು ತೊದಲಿದೆ. ಅದೇ ಹೊತ್ತಿಗೆ ಎದೆಯಿಂದ ಬಿಸಿ ಏರಿತು, ಹಣೆಯಿಂದ ಬೆವರು ಕಣ್ಣಿಗೆ ಇಳಿಯಿತು. ಸೆರಗಿನಿಂದ ಒರೆಸಿಕೊಂಡೆ.

ಅವರು ಪೆನ್ನು ಕೆಳಗಿಟ್ಟರು. "ನೀವು ಬರೆದದ್ದು ಸುಳ್ಳು ಅಂತ ಕಾಣ್ತದೆ. ಆದ್ರೆ ಈ ಬೆವರು ಸುಳ್ಳಲ್ಲ. ಇದು ಎಷ್ಟು ಸಮಯದಿಂದ?"

ಒಂದು ವರ್ಷದಿಂದ, ಎಂದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಕ್ಕನಿಗಂತೂ ಹೇಳುವ ಮುಖ ಇರಲಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದೆ. ಕಾಲು, ಪೆಟ್ಟಿಗೆ, ಟಿಕ್, ಹಾಜರಿ ಪುಸ್ತಕ. ಅವರು ಗದರಲಿಲ್ಲ.

"ನಿಮಗೆ ಸಿಟ್ಟು ಮದ್ದಿನ ಮೇಲಾ, ಕೊಟ್ಟವರ ಮೇಲಾ?" ಎಂದು ಕೇಳಿದರು. "ಮದ್ದು ವಿಷ ಅಲ್ಲ. ಸರಿಯಾದವರಿಗೆ ಸರಿಯಾಗಿ ಕೊಟ್ಟರೆ ತುಂಬ ಉಪಕಾರ ಆಗ್ತದೆ. ಹೆಪ್ಪುಗಟ್ಟುವ ಅಪಾಯ ಗುಳಿಗೆಯಲ್ಲಿ ಜಾಸ್ತಿ, ಚರ್ಮಕ್ಕೆ ಹಚ್ಚುವುದರಲ್ಲಿ ಕಡಿಮೆ. ಗರ್ಭಕೋಶ ಇದ್ದವರಿಗೆ ಒಂದೇ ಹಾರ್ಮೋನು ಸಾಲದು, ಎರಡನೆಯದೂ ಬೇಕು. ನಿಮ್ಮ ಅಕ್ಕನಿಗೆ ಹಾರ್ಮೋನೇ ಇಲ್ಲದ ಬೇರೆ ಮದ್ದು ಉಂಟು. ಇಷ್ಟೆಲ್ಲ ನೋಡ್ಲಿಕ್ಕೆ ಕೂತು ಮಾತಾಡ್ಬೇಕು. ಅವರು ಮಾತಾಡಲಿಲ್ಲ, ಅದು ಅಪರಾಧ."

'ಅಪರಾಧ' ಎಂಬ ಪದವನ್ನು ಹಾಜರಿ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡೆ.

ದೂರು ಬರೆಯಲು ನನಗೆ ಎರಡು ವಾರ ಹಿಡಿಯಿತು. ಒಂದು ಔಷಧ ನಿಯಂತ್ರಣದವರಿಗೆ, ಒಂದು ಗ್ರಾಹಕರ ಆಯೋಗಕ್ಕೆ, ಒಂದು ಆ ಸಹಿ ಹಾಕಿದ ಡಾಕ್ಟರರ ಮೇಲೆ ವೈದ್ಯಕೀಯ ಪರಿಷತ್ತಿಗೆ. ಅಕ್ಕನ ಡಿಸ್ಚಾರ್ಜ್ ಕಾಗದ, ಪೆಟ್ಟಿಗೆಯ ಫೋಟೋ, ಪರದೆಯ ಚಿತ್ರಗಳು, ಇಲ್ಲದ ಹೆಂಗಸಿಗೆ ಸಿಕ್ಕಿದ ಅಭಿನಂದನೆ. ಒಂದೂ ಕಾಲಂ ಖಾಲಿ ಬಿಡಲಿಲ್ಲ. ಹಸಿರು ತಾಣದ ಮೇಲೆ ಬೇರೆಯೇ ಒಂದು ದೂರು ಕೊಟ್ಟೆ.

ಗುಲಾಬಿ ಕಂಪನಿಯಿಂದ ಫೋನ್ ಬಂತು. ಈ ಸಲ ಗಂಡಸು, ದೊಡ್ಡ ಹುದ್ದೆಯವನಿರಬೇಕು. ಮೊದಲು ಹಣ ವಾಪಸು ಕೊಡುತ್ತೇವೆ ಎಂದ. ಆಮೇಲೆ ಸುಳ್ಳು ಅರ್ಜಿ ತುಂಬಿಸಿದ್ದಕ್ಕೆ ನಿಮ್ಮ ಮೇಲೆಯೇ ಕೇಸಾಗಬಹುದು ಎಂದ. ನಂತರ ಅಕ್ಕನ ಹತ್ತಿರ ನೇರ ಮಾತಾಡಬಹುದೇ ಎಂದ.

"ಅವಳು ಫೋನಿನ ಹತ್ತಿರ ಬರುವ ಹಾಗಿಲ್ಲ" ಎಂದೆ. "ಕಾಲು ಎತ್ತಿಟ್ಟು ಮಲಗಿದ್ದಾಳೆ. ನೀವು ಕೇಸು ಹಾಕಿ. ಕೋರ್ಟಿನಲ್ಲಿ ನಿಮ್ಮ ಆ ಟಿಕ್ ಮೊದಲೇ ಯಾರು ಹಾಕಿದ್ದು ಅಂತ ನಾನೇ ಕೇಳ್ತೇನೆ."

ಅವನು ಫೋನ್ ಇಟ್ಟ. ಕರೆ ಬಂದ ಹೊತ್ತನ್ನೂ ನಾನು ಹಾಜರಿ ಪುಸ್ತಕದಲ್ಲಿ ಬರೆದುಕೊಂಡೆ.

ಇನ್ನು ಭಾವ ಉಳಿದಿದ್ದರು.

ಮೂರನೆಯ ತಾಣದ ಆ ಡಾಕ್ಟರರ ಹತ್ತಿರ ಅಕ್ಕನಿಗಾಗಿ ಸಮಯ ತೆಗೆದುಕೊಂಡೆ. ಮನೆಯವರೂ ಜೊತೆಗಿದ್ದರೆ ಒಳ್ಳೆಯದು ಎಂದು ಅವರೇ ಹೇಳಿದ್ದರು. ನಾನು ಭಾವನ ತಂಗಿಯನ್ನೂ ಅವಳ ಗಂಡನನ್ನೂ ಅದೇ ಹೊತ್ತಿಗೆ ಚಾಕ್ಕೆ ಕರೆದೆ. ಅದನ್ನು ಡಾಕ್ಟರು ಹೇಳಿರಲಿಲ್ಲ. ಮಣ್ಣಗುಡ್ಡದ ಅಕ್ಕನ ಮನೆಯ ಸೋಫಾದಲ್ಲಿ ಅಕ್ಕ ಮತ್ತು ಭಾವ, ಬದಿಯ ಕುರ್ಚಿಗಳಲ್ಲಿ ನಾದಿನಿ ಮತ್ತು ಅವಳ ಗಂಡ, ಕೈಯಲ್ಲಿ ಎಣ್ಣೆಯಲ್ಲಿ ಕರಿದ ಬಿಸಿ ಗೋಳಿಬಜೆಯ ತಟ್ಟೆ. ಟೀಪಾಯಿಯ ಮೇಲೆ ನನ್ನ ಲ್ಯಾಪ್‌ಟಾಪು.

ಡಾಕ್ಟರು ಅಕ್ಕನೊಡನೆ ಬಹಳ ಹೊತ್ತು ಮಾತಾಡಿದರು. ಆಮೇಲೆ ಭಾವನ ಕಡೆ ತಿರುಗಿದರು.

"ಇವರು ರಾತ್ರಿ ಎಷ್ಟು ಸಲ ಏಳ್ತಾರೆ?"

"ನನಗೆ ಗೊತ್ತಾಗುವುದಿಲ್ಲ" ಎಂದರು ಭಾವ.

"ಒಂದೇ ಕೋಣೆಯಲ್ಲಿ ಮಲಗುವುದಲ್ವಾ?"

"ಹೌದು."

"ಮುಟ್ಟು ನಿಂತದ್ದು ಯಾವಾಗ?"

ಭಾವ ಅಕ್ಕನ ಮುಖ ನೋಡಿದರು. ಅಕ್ಕ ಚಾದ ಲೋಟ ಎತ್ತಿಕೊಂಡಳು.

"ಮೊದಲ ಹೆರಿಗೆ ಆದಾಗ ಕಾಲಿಗೆ ಎಂತ ಆಗಿತ್ತು, ನೆನಪುಂಟಾ?"

"ಆಗ ನಾನು ದುಬೈಯಲ್ಲಿದ್ದೆ."

"ಆಮೇಲೆ ಕೇಳಲಿಲ್ಲವಾ?"

ನಾದಿನಿಯ ಗಂಡ ಗೋಳಿಬಜೆ ತಿನ್ನುವುದನ್ನು ನಿಲ್ಲಿಸಿದ್ದ. ಡಾಕ್ಟರರ ದನಿಯಲ್ಲಿ ಸಿಟ್ಟಿರಲಿಲ್ಲ, ಅವರು ಕಾಲಂ ತುಂಬಿಸುತ್ತಿದ್ದರು ಅಷ್ಟೆ. ಪ್ರತಿಯೊಂದೂ ಖಾಲಿ ಉಳಿಯಿತು. ಭಾವನ ಕುತ್ತಿಗೆ ಕೆಂಪಾಗಿ, ಹಣೆಯ ಮೇಲೆ ಬೆವರು ಮೂಡಿತು. ಒರೆಸಿಕೊಳ್ಳಲಿ ಎಂದು ನಾನು ಕಾಗದದ ಕರವಸ್ತ್ರ ಮುಂದೆ ತಳ್ಳಿದೆ. ಅವರು ಅದನ್ನು ಮುಟ್ಟಲಿಲ್ಲ.

ಎಲ್ಲರೂ ಹೋದ ಮೇಲೆ ಅಕ್ಕ ಅಡುಗೆಮನೆಯಲ್ಲಿ ನನ್ನನ್ನು ಹಿಡಿದಳು. "ಅವರನ್ನು ಕರೆದದ್ದು ಯಾಕೆ ನೀನು?"

"ಆಸ್ಪತ್ರೆಯಲ್ಲಿ ಅವರ ಎದುರೇ ನಕ್ಕಿದ್ದಲ್ವಾ ಭಾವ?"

"ನಾನು ಈ ಮನೆಯಲ್ಲೇ ಇರ್ಬೇಕು. ನೀನು ಬಸ್ಸು ಹತ್ತಿ ಹೋಗ್ತಿ. ನನಗೋಸ್ಕರ ಅಂತ ಹೇಳ್ಬೇಡ, ನಿನ್ನ ಸಿಟ್ಟಿಗೆ ಮಾಡಿದ್ದು."

ಅವಳು ಹೇಳಿದ್ದರಲ್ಲಿ ಅರ್ಧ ನಿಜ. ನನ್ನ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೆಯೇ ಇತ್ತು, ಅದನ್ನು ಬೇರೆಯವರ ಮೇಲೆ ತೀರಿಸಿಕೊಳ್ಳುವುದು ನನಗೆ ಸುಲಭವಾಗಿತ್ತು. ಅದಕ್ಕಾಗಿ ಅವಳ ಹತ್ತಿರ ಕ್ಷಮೆ ಕೇಳಿದೆ. ಭಾವನ ಹತ್ತಿರ ಕೇಳಲಿಲ್ಲ, ಕೇಳುವುದೂ ಇಲ್ಲ.

ಸಹಿ ಹಾಕುತ್ತಿದ್ದ ಡಾಕ್ಟರಿಗೆ ನೋಟಿಸು ಹೋಯಿತು. ಗುಲಾಬಿ ತಾಣದಲ್ಲಿ ಹಾರ್ಮೋನಿನ ಪುಟ ಒಂದು ದಿನ ಮಾಯವಾಯಿತು. ಕೆಲವು ತಿಂಗಳ ಬಳಿಕ ಅದೇ ನಗುವ ಹೆಂಗಸು ಬೇರೆ ಹೆಸರಿನಲ್ಲಿ, ನೀಲಿ ಬಣ್ಣದಲ್ಲಿ ಬಂದಳು. ಆದರೆ ಈಗ ಹೆಪ್ಪುಗಟ್ಟುವಿಕೆಯ ಪ್ರಶ್ನೆ ಇದೆ, ಟಿಕ್ ಹಾಕುವ ಚೌಕ ಖಾಲಿ ಇದೆ. ನಾನು ಅಷ್ಟಕ್ಕೆ ಬಿಟ್ಟಿಲ್ಲ. ಆಯೋಗದಲ್ಲಿ ಕೇಸು ನಡೆಯುತ್ತಿದೆ, ಪ್ರತಿ ತಾರೀಕಿಗೂ ಅರ್ಧ ದಿನ ರಜೆ ಹಾಕಿ ಹೋಗುತ್ತೇನೆ. ಅವರ ವಕೀಲರು ಮುಂದಿನ ತಾರೀಕು ಕೇಳುತ್ತಾರೆ, ನಾನು ಹಿಂದಿನ ಸಾಲಿನಲ್ಲಿ ಕುಳಿತು ಅವರನ್ನೇ ನೋಡುತ್ತಿರುತ್ತೇನೆ.

ಅಕ್ಕ ಹಾರ್ಮೋನಿಲ್ಲದ ಗುಳಿಗೆಯಲ್ಲಿದ್ದಾಳೆ. ಬಿಸಿ ಪೂರ್ತಿ ಹೋಗಿಲ್ಲ, ನಿದ್ರೆ ಬರುತ್ತದೆ. ನನಗೆ ಎಲ್ಲ ಪರೀಕ್ಷೆ ಮುಗಿದ ಮೇಲೆ ತೋಳಿಗೆ ಹಚ್ಚುವ ಹಾರ್ಮೋನಿನ ಜೆಲ್ಲೂ ಅದರ ಜೊತೆ ಇನ್ನೊಂದು ಗುಳಿಗೆಯೂ ಸಿಕ್ಕಿತು. ಭಾವ ನಾನು ಹೋದಾಗ ಟಿ.ವಿ. ದೊಡ್ಡದು ಮಾಡುತ್ತಾರೆ. ಮೊನ್ನೆ ಮಾತ್ರ, ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ಟಿ.ವಿ.ಯಿಂದ ಕಣ್ಣು ತೆಗೆಯದೆ ಹೇಳಿದರು: "ನಿನ್ನೆ ರಾತ್ರಿ ಅವಳು ಎರಡು ಸಲ ಎದ್ದಿದ್ದಾಳೆ. ಡಾಕ್ಟರಿಗೆ ಹೇಳ್ಬೇಕಾ?"

"ನೀವೇ ಹೇಳಿ" ಎಂದು ಗೇಟು ಹಾಕಿಕೊಂಡು ಬಂದೆ.