ಫಾರ್ವರ್ಡ್ ಆದ ಆರೋಗ್ಯ

ಭರಮಸಾಗರದ ನನ್ನ ಕ್ಲಿನಿಕ್ಕಿನ ಬೋರ್ಡಿನ ಮೇಲೆ ಹೆಸರು ನನ್ನದೊಂದೇ ಇದೆ. ಆದರೆ ಚಿಕಿತ್ಸೆ ಶುರುವಾಗುವುದು ಹೊರಗಿನ ಬೆಂಚಿನ ಮೇಲೆ. ಅಲ್ಲಿ ಕೂತವರು ಒಬ್ಬರ ಕಾಯಿಲೆಯನ್ನು ಇನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ, ಪಥ್ಯ ಹೇಳುತ್ತಾರೆ, ಮಾತ್ರೆಗಳ ಬಣ್ಣ ಹೋಲಿಸಿ ನೋಡುತ್ತಾರೆ. ಸರದಿ ಬಂದು ನನ್ನೆದುರು ಕೂರುವ ಹೊತ್ತಿಗೆ ಕೆಲವರು ಅರ್ಧ ಗುಣವಾಗಿರುತ್ತಾರೆ. ಇನ್ನು ಕೆಲವರು ಮಂಡಿನೋವೆಂದು ಬಂದು ಥೈರಾಯ್ಡನ್ನೂ ಹಚ್ಚಿಕೊಂಡಿರುತ್ತಾರೆ. ನಾನು ಕೊಡುವುದು ಹೆಚ್ಚುಕಡಿಮೆ ಎರಡನೇ ಅಭಿಪ್ರಾಯ.

ಇದರಲ್ಲಿ ಬೇಸರಪಡಲು ಏನಿಲ್ಲ. ಹೊಸದುರ್ಗದಲ್ಲಿ ನಾನು ಹುಡುಗಿಯಾಗಿದ್ದಾಗ ನಮ್ಮ ಮನೆಯ ಆರೋಗ್ಯ ಇಲಾಖೆ ನಮ್ಮಜ್ಜಿಯೇ. ಅವಳ ಹತ್ತಿರ ಜೀರಿಗೆ ಕಷಾಯ, ಹರಳೆಣ್ಣೆ, ಬೈಗುಳ ಎಂಬ ಮೂರು ಮದ್ದುಗಳಿದ್ದವು. ಮೂರೂ ಸೋತರೆ ಮಾತ್ರ ಆಸ್ಪತ್ರೆ. ಅಜ್ಜಿಯ ವೈದ್ಯದಲ್ಲಿ ಒಂದು ಅನುಕೂಲವಿತ್ತು: ಕಷಾಯ ಕುಡಿದು ಹೊಟ್ಟೆ ಕೆಟ್ಟರೆ ಬೆಳಗ್ಗೆ ಎದ್ದು ಹೋಗಿ ಜಗಳವಾಡಲು ಅವಳು ಅಡುಗೆಮನೆಯಲ್ಲೇ ಸಿಗುತ್ತಿದ್ದಳು. ಈಗಿನ ವೈದ್ಯರು ಮೊಬೈಲಿನೊಳಗಿದ್ದಾರೆ. ಅವರ ಮದ್ದು ಮನೆಮನೆಗೆ ಬರುತ್ತದೆ, ಅವರು ಮಾತ್ರ ಯಾರ ಕೈಗೂ ಸಿಗುವುದಿಲ್ಲ.

ತಿಪ್ಪೇಸ್ವಾಮಿಯವರು ನಮ್ಮೂರಿನಲ್ಲಿ ಪೈಪು, ಮೋಟಾರು ಮಾರುವ ಅಂಗಡಿ ಇಟ್ಟವರು. ಬಹಳ ವರ್ಷದಿಂದ ರಕ್ತದೊತ್ತಡಕ್ಕೆ ನನ್ನ ಹತ್ತಿರ ಮಾತ್ರೆ ಬರೆಸಿಕೊಳ್ಳುತ್ತಿದ್ದರು. ದಿನಾ ಬೆಳಗ್ಗೆ ನನಗೆ ಅವರಿಂದ ಒಂದು ಆರೋಗ್ಯದ ವಿಡಿಯೋ ಬರುತ್ತಿತ್ತು. ಬೆಂಡೆಕಾಯಿ ನೆನೆಸಿದ ನೀರು, ಅಂಗಾಲಿಗೆ ಈರುಳ್ಳಿ, ಎಡಮಗ್ಗುಲಲ್ಲಿ ಮಲಗುವುದರ ಮಹಿಮೆ, ಹೀಗೆ. ನನಗೂ ಕಳಿಸುತ್ತಿದ್ದುದರಲ್ಲಿ ವಿಶ್ವಾಸವಿತ್ತೇ ಹೊರತು ಕುಚೋದ್ಯವಿರಲಿಲ್ಲ. ಡಾಕ್ಟರಿಗೂ ನಾಲ್ಕು ವಿಷಯ ತಿಳಿಯಲಿ ಎಂಬ ಒಳ್ಳೆಯ ಮನಸ್ಸು. ನಾನು ನೋಡದೆಯೇ ಕೈಮುಗಿಯುವ ಗುರುತು ಒತ್ತಿ ಕಳಿಸುತ್ತಿದ್ದೆ.

ಒಂದು ಸೋಮವಾರ ಬೆಳಗ್ಗೆ ಅವರ ಹೆಂಡತಿ ಸುಶೀಲಮ್ಮ ಗಂಡನನ್ನು ಆಟೋದಲ್ಲಿ ಕರೆತಂದರು. ಕಾಫಿ ಕುಡಿಯುವಾಗ ಲೋಟ ಕೈಯಿಂದ ಜಾರಿತಂತೆ. ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ಎತ್ತಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಒತ್ತಡ ನೋಡಿದರೆ ಮೇಲೇರಿ ಕೂತಿತ್ತು. ಮಾತ್ರೆ ತಪ್ಪಿಸಿದ್ದರೇ ಎಂದು ಕೇಳಿದೆ. ಸುಶೀಲಮ್ಮ ಸೆರಗಿನಿಂದ ಗಂಡನ ಬಾಯಿ ಒರೆಸುತ್ತಾ ಹೇಳಿದರು:

"ತಿಂಗಳ ಮೇಲಾತು ಡಾಕ್ಟ್ರಮ್ಮ, ಬಿಟ್ಟೇ ಬಿಟ್ಟಾರೆ. ಮಾತ್ರೆ ನುಂಗಿದ್ರೆ ಕಿಡ್ನಿ ಹೋಗ್ತತೆ ಅಂತ ಮೊಬೈಲ್‌ನಾಗೆ ಯಾರೋ ಹೇಳಿದ್ರಂತೆ. ಅದೇ ವಿಡಿಯೋನ ಡಾಕ್ಟ್ರಮ್ಮಗೂ ಕಳಿಸೀನಿ, ಅವ್ರೂ ಕೈ ಮುಗ್ದಾರೆ ಅಂದ್ರು."

ಆ ಕ್ಷಣ ನನ್ನ ಒತ್ತಡವನ್ನು ಯಾರಾದರೂ ನೋಡಬೇಕಿತ್ತು. ಆದರೆ ಯೋಚಿಸುತ್ತ ಕೂರುವ ಹೊತ್ತಲ್ಲ ಅದು. ಆಂಬುಲೆನ್ಸ್ ಕರೆಸಿ, ದಾವಣಗೆರೆಯ ಆಸ್ಪತ್ರೆಗೆ ಫೋನ್ ಮಾಡಿ, ಅವರನ್ನು ಕೂಡಲೇ ಕಳಿಸಿದೆ. ತಡಮಾಡದೆ ಕರೆತಂದದ್ದು ಒಳ್ಳೆಯದಾಯಿತು ಎಂದು ಅಲ್ಲಿನ ವೈದ್ಯರು ಸಂಜೆ ತಿಳಿಸಿದರು. ಜೀವಕ್ಕೆ ಅಪಾಯವಿರಲಿಲ್ಲ. ಕೈ ಮತ್ತು ಮಾತು ಮೆಲ್ಲಗೆ ಮರಳಬೇಕಿತ್ತು.

ಅಂದಿನಿಂದ ನನಗೊಂದು ಹುಕಿ ಹತ್ತಿತು. ನಂಬಬಹುದಾದ ಆರೋಗ್ಯದ ಮಾತುಗಳನ್ನು ಹುಡುಕಿ, ನಾನೇ ನನ್ನ ರೋಗಿಗಳಿಗೆ ಕಳಿಸಬೇಕು. ಬಿಡುವು ಸಿಕ್ಕಾಗಲೆಲ್ಲ ಮೊಬೈಲಿನಲ್ಲಿ ವಿಡಿಯೋ ಹುಡುಕಿದೆ. ಎಲೆ, ಬೇರು, ತೊಗಟೆಗಳನ್ನು ಹೊಗಳುವವರಿಗೆ ಕನ್ನಡ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಆಗ ತಿಳಿಯಿತು. ನಗುತ್ತಾರೆ, ಹೆಸರು ಹಿಡಿದು ಕರೆದಂತೆ ಮಾತಾಡುತ್ತಾರೆ, ಕೊನೆಗೆ ತಮ್ಮದೇ ಡಬ್ಬಿಯೊಂದನ್ನು ತೋರಿಸುತ್ತಾರೆ. ಡಬ್ಬಿ ಬಂದಾಗ ನಾನು ಮುಂದಕ್ಕೆ ಹೋಗುತ್ತಿದ್ದೆ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಿ ಎಂದವರನ್ನೂ ದಾಟುತ್ತಿದ್ದೆ. ಇದು ಎಲ್ಲರಿಗೂ ಒಗ್ಗುವುದಿಲ್ಲ ಎಂದು ಒಂದು ಮಾತು ಹೇಳುವವರು ಸಿಕ್ಕರೆ ನಿಂತು ಕೇಳುತ್ತಿದ್ದೆ. ಅಂಥವರು ಅಪರೂಪ, ಅವರನ್ನು ನೋಡಿದವರೂ ಅಪರೂಪ.

ಸರಿಯಾದ ವಿಷಯವಿದ್ದ ಕರಪತ್ರಗಳೂ ಸಿಕ್ಕವು. ವಿಷಯ ಚಿನ್ನದಂಥದ್ದು, ಭಾಷೆ ಮಾತ್ರ ಕೋರ್ಟಿನ ನೋಟಿಸಿನಂಥದ್ದು. 'ಅಧಿಕ ರಕ್ತದೊತ್ತಡವುಳ್ಳ ವ್ಯಕ್ತಿಗಳು ಲವಣದ ಸೇವನೆಯನ್ನು ಮಿತಿಗೊಳಿಸತಕ್ಕದ್ದು.' ಇದನ್ನು ತಾಳ್ಯದಿಂದ ಬಂದಿದ್ದ ಅಜ್ಜಿಯೊಬ್ಬಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಭಕ್ತಿಯಿಂದ ಕೇಳಿಸಿಕೊಂಡು, ಲವಣ ಎಂಬ ಕಾಯಿಲೆ ತನ್ನ ತಂಗಿಗೂ ಇದೆಯೆಂದಳು. ಉಪ್ಪಿಗೆ ಉಪ್ಪು ಎನ್ನಲು ನಾಚಿಕೊಳ್ಳುವ ಕನ್ನಡ ಊಟದ ತಟ್ಟೆಯವರೆಗೆ ಹೇಗೆ ತಾನೇ ಬಂದೀತು? ಹಾಗಂತ ಆಡುಮಾತಿನದೂ ಕಡಿಮೆ ಪೇಚಲ್ಲ. 'ನಂಗೆ ಬಿಪಿ ಇಲ್ಲ' ಎಂದು ನಮ್ಮ ಕಡೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದು ನಿಜವೇ ಆಗಿದ್ದರೆ ಹೇಳಲು ಅವರೇ ಇರುತ್ತಿರಲಿಲ್ಲ.

ಕೊನೆಗೆ ನಾನೇ ಒಂದು ವಿಡಿಯೋ ಮಾಡಿದೆ. ಇಸ್ತ್ರಿ ಸೀರೆ, ಬಿಳಿ ಕೋಟು, ಹಿಂದೆ ದಪ್ಪ ಪುಸ್ತಕಗಳು. ಮಾತ್ರೆ ಯಾಕೆ ಬಿಡಬಾರದೆಂದು ವಿವರವಾಗಿ ಹೇಳಿದೆ. ಮೆಚ್ಚಿದವರಲ್ಲಿ ಮೊದಲಿಗರು ನನ್ನ ಯಜಮಾನರು. ಅವರೂ ಪೂರ್ತಿ ನೋಡಿರಲಿಲ್ಲ.

ಈ ನಡುವೆ ತಿಪ್ಪೇಸ್ವಾಮಿ ಆಸ್ಪತ್ರೆಯಿಂದ ಮನೆಗೆ ಮರಳಿದ್ದರು. ಕೋಲು ಹಿಡಿದು ಕ್ಲಿನಿಕ್ಕಿಗೆ ಬಂದಾಗ ಬಾಯಿ ಬಹುಪಾಲು ನೇರವಾಗಿತ್ತು, ಮಾತು ಮಾತ್ರ ಕೊಂಚ ಎಳೆಯುತ್ತಿತ್ತು. ನಾನು ಬೈಯಲಿಲ್ಲ. ಕೈಮುಗಿಯುವ ಗುರುತು ಕಳಿಸಿದವಳಿಗೆ ಆ ಹಕ್ಕೂ ಇರಲಿಲ್ಲ. ಚೀಟಿ ಬರೆಯುತ್ತಾ, ಇಷ್ಟು ವರ್ಷ ನನ್ನ ಮಾತು ಕೇಳಿದವರು ಕಾಣದ ಮನುಷ್ಯನನ್ನು ಹೇಗೆ ನಂಬಿದಿರಿ ಎಂದು ಕೇಳಿದೆ.

"ಸಿಟ್ಟಾಗಬ್ಯಾಡ್ರಿ ಡಾಕ್ಟ್ರಮ್ಮ. ಆ ಮನುಷ್ಯ ನನ್ನ ಕಣ್ಣಾಗೆ ಕಣ್ಣಿಟ್ಟು ಮಾತಾಡ್ತಾನೆ. ನೀವು ಬರ್ಕಂತ ಮಾತಾಡ್ತೀರಿ."

ನಾನು ತಲೆ ಎತ್ತಿದೆ. ಪೆನ್ನು ಕೆಳಗಿಟ್ಟೆ. ಹೊರಗೆ ಬೆಂಚು ತುಂಬಿತ್ತು, ಆದರೂ ಅವತ್ತು ಅವರಿಗೆ ಅರ್ಥವಾಗುವಷ್ಟು ಹೊತ್ತು ತೆಗೆದುಕೊಂಡೆ. ಒತ್ತಡವೆಂದರೇನು, ಅದು ಯಾಕೆ ನೋಯುವುದಿಲ್ಲ, ಕಿಡ್ನಿಯನ್ನು ಕೆಡಿಸುವುದು ಏರಿದ ಒತ್ತಡವೇ, ಕಿಡ್ನಿಯನ್ನು ಕಾಯಲೆಂದೇ ಮಾತ್ರೆ ಕೊಡುವುದು ಎಂದೆಲ್ಲ ಹೇಳಿದೆ. ಅವರು ಪ್ರಶ್ನೆ ಕೇಳಿದರು, ನಾನು ಉತ್ತರಿಸಿದೆ. ಇಷ್ಟು ವರ್ಷದಲ್ಲಿ ಅವರ ಹುಬ್ಬಿನ ಮೇಲೊಂದು ಮಚ್ಚೆಯಿದೆಯೆಂದು ಅಂದೇ ನಾನು ನೋಡಿದ್ದು.

ಮುಂದಿನ ವಾರ ಅವರೇ ಒಂದು ವಿಡಿಯೋ ಮಾಡಿದರು. ಅಂಗಡಿಯಲ್ಲಿ ಪೈಪುಗಳ ನಡುವೆ ಕುರ್ಚಿ ಹಾಕಿಕೊಂಡು, ಸುಶೀಲಮ್ಮನ ಕೈಗೆ ಮೊಬೈಲ್ ಕೊಟ್ಟು, ಎಳೆಯುವ ಮಾತಿನಲ್ಲೇ ಹೇಳಿದ್ದರು:

"ನಾನು ಪೈಪ್ ಅಂಗಡಿ ತಿಪ್ಪೇಸ್ವಾಮಿ. ನನ್ನ ಮಾತು ಯಾಕೆ ಹಿಂಗಾತು ಅಂತ ಹೇಳ್ತೀನಿ ಕೇಳ್ರಿ. ಮೋಟಾರು ಕೆಡಾಕೆ ಮುಂಚೆ ಕೂಗ್ತತೆ. ಬಿಪಿ ಕೂಗಲ್ಲ. ನಾನು ಯಾರ್ದೋ ಮಾತು ಕೇಳಿ ಮಾತ್ರೆ ಬಿಟ್ಟೆ. ನೀವು ಬಿಡಬ್ಯಾಡ್ರಿ. ಅನುಮಾನ ಬಂದ್ರೆ ನಿಮ್ಮ ಡಾಕ್ಟ್ರ ಮುಂದೆ ಹೋಗಿ ಕುಂತ್ಕಳ್ರಿ, ತಿಳಿಯೋವರ್ಗೂ ಏಳಬ್ಯಾಡ್ರಿ."

ನನ್ನ ಬಿಳಿ ಕೋಟನ್ನು ಯಾರೂ ಕಣ್ಣೆತ್ತಿ ನೋಡದ ಗುಂಪುಗಳಲ್ಲೆಲ್ಲ ಅದು ಓಡಾಡಿತು. ಹೊಳಲ್ಕೆರೆಯ ಬಸ್ಸಿನಲ್ಲಿ ಪಕ್ಕದವರ ಮೊಬೈಲಿನಲ್ಲಿ ಆ ಎಳೆಯುವ ದನಿ ಕೇಳಿ ನಾನು ತಿರುಗಿ ನೋಡಿದ್ದೂ ಉಂಟು. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಒಪ್ಪಿಕೊಳ್ಳುತ್ತೇನೆ.

ಮೊನ್ನೆ ಆದಿವಾಲದ ಹೆಂಗಸೊಬ್ಬರು ಕ್ಲಿನಿಕ್ಕಿಗೆ ಬಂದಿದ್ದರು. ನಮ್ಮೂರಿನಲ್ಲಿರುವ ತಂಗಿಯ ಮನೆಗೆ ಬಂದವರು. ನನ್ನ ಪರಿಚಯವಿಲ್ಲ, ತಿಪ್ಪೇಸ್ವಾಮಿಯವರ ಪರಿಚಯವೂ ಇಲ್ಲ. ಕೂತವರೇ ಮೊಬೈಲ್ ತೆಗೆದು ಆ ವಿಡಿಯೋವನ್ನೇ ನನ್ನ ಮುಂದೆ ಹಿಡಿದರು. ತಮಗೂ ಬಿಪಿ ಇದೆಯೆಂದೂ ಮಾತ್ರೆ ಬಿಟ್ಟು ಬಹಳ ದಿನವಾಯಿತೆಂದೂ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಡಾಕ್ಟ್ರಮ್ಮ, ಈತ ಹೇಳೋದನ್ನ ನಂಬಬೋದಾ?" ಎಂದರು.

ಇವರೇ ನಮ್ಮೂರಿನ ತಿಪ್ಪೇಸ್ವಾಮಿ, ಇವರನ್ನು ಆಸ್ಪತ್ರೆಗೆ ಕಳಿಸಿದ್ದೇ ನಾನು ಎಂದು ಹೇಳಲು ನಾಲಿಗೆ ತುರಿಸಿತು. ತಡೆದುಕೊಂಡೆ. ಫಾರ್ವರ್ಡ್ ಆಗಿ ಬಂದದ್ದನ್ನು ನಂಬುವ ಮೊದಲು ಒಬ್ಬರು ನನ್ನ ಬಳಿ ಬಂದು ಕೇಳುತ್ತಿದ್ದಾರೆ. ಇಷ್ಟು ದಿನ ನಾನು ಹುಡುಕಾಡಿದ್ದು ಇದನ್ನೇ ಅಲ್ಲವೇ? ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, "ಕೇಳಿದ್ದು ಒಳ್ಳೇದಾಯ್ತು ಕಣಮ್ಮ, ಮೊದಲು ತೋಳು ಕೊಡಿ" ಎಂದೆ.