ಒಂದು ಗೇಣು ಉದ್ದ ಬೇಕಿತ್ತು

ಬೆಳಗಿನ ಆರು ಗಂಟೆ. ಹೆಲಿಕಾಪ್ಟರ್ ನಿಲ್ಲಿಸುವ ಮೈದಾನದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅರವತ್ತರ ಹತ್ತಿರದ ಹೆಂಗಸೊಬ್ಬರು ಗೋಡೆಯ ಉಂಗುರಕ್ಕೆ ಪಟ್ಟಿಯೊಂದರ ಕೊಂಡಿ ಸಿಕ್ಕಿಸುತ್ತಾರೆ. ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಬಿಗಿದುಕೊಂಡು, ಎರಡೂ ಕೈ ಬಿಟ್ಟು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಹಿಂದಕ್ಕೆ ವಾಲುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನಾನು ಹಿಡಿಯಲೆಂದು ಮುಂದೆ ನುಗ್ಗುತ್ತೇನೆ. ಅವರು ಮಾತ್ರ ಆರಾಮಾಗಿ ಹತ್ತು ಎಣಿಸುತ್ತಾರೆ. "ಭಾರ ನೋಡೋಕೆ ಮಷೀನ್ ಇದೆ ಸರ್. ಆದ್ರೆ ಮೊದ್ಲು ನಾನು ಜೋತುಬೀಳ್ಬೇಕು, ಆಮೇಲೆ ಹುಡುಗ್ರು," ಎನ್ನುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ಪಟ್ಟಿ ಅಕ್ಕ. ಹೆಲಿಕಾಪ್ಟರಿನ ತೆರೆದ ಬಾಗಿಲಲ್ಲಿ ನಿಂತು ಗಾಯಾಳುಗಳನ್ನು ಮೇಲೆಳೆದುಕೊಳ್ಳುವ ಹುಡುಗರು ಕೆಳಗೆ ಬೀಳದಂತೆ ಹಿಡಿದಿಡುವ ಪಟ್ಟಿಗಳನ್ನು ಹೊಲಿಯುವುದು, ಹಳೆಯವನ್ನು ಪರೀಕ್ಷಿಸುವುದು ಇವರ ಕೆಲಸ. ದಿನಕ್ಕೆ ಮೂವತ್ತು ಪಟ್ಟಿ, ಒಂದೊಂದರಲ್ಲೂ ಹನ್ನೆರಡು ಸಾಲು ಹೊಲಿಗೆ. ಲಾರಿಯಿಂದ ಬಿದ್ದ ಗಂಡ ಹಾಸಿಗೆ ಹಿಡಿದಾಗ, ಸ್ಕೂಲ್ ಬ್ಯಾಗ್ ಹೊಲಿಯುತ್ತಿದ್ದ ಅಕ್ಕ ಇಲ್ಲಿಗೆ ಬಂದರು. ಅದಾಗಿ ಇಪ್ಪತ್ತೇಳು ವರ್ಷ. ಹೆಬ್ಬೆರಳಿಗೆ ಎರಡು ಸಲ ಸೂಜಿ ಹೊಕ್ಕಿದೆ, ಮಷೀನಿನ ಸದ್ದಿಗೆ ಎಡಗಿವಿ ಮಂದವಾಗಿದೆ. "ಎಡಗಡೆ ನಿಂತು ಎಷ್ಟು ಬೈದ್ರೂ ದಂಡ. ಸಾಹೇಬ್ರಿಗೂ ಗೊತ್ತು," ಎಂದು ನಗುತ್ತಾರೆ.

ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಾತು ಏಣಿಯ ಕಡೆ ಹೊರಳುತ್ತದೆ.

ಏಣಿ ಎಂದರೆ ಒಂಬತ್ತು ವರ್ಷದ ಹಿಂದಿನ ಯುದ್ಧದಲ್ಲಿ ಹೋದ ಹುಡುಗ. ಇಪ್ಪತ್ತಮೂರು ವಯಸ್ಸು, ಶೆಡ್ಡಿನ ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಅದಕ್ಕೇ ಆ ಹೆಸರು. ಪಟ್ಟಿಯನ್ನು ಸಿಕ್ಕಿಸುವುದು ಹೆಲಿಕಾಪ್ಟರಿನ ನೆಲಕ್ಕೆ, ಅಳತೆ ಎಲ್ಲರಿಗೂ ಒಂದೇ. ಹಾಗಾಗಿ ಸೊಂಟವೇ ಎತ್ತರದಲ್ಲಿರುವ ಉದ್ದ ಕಾಲಿನವನಿಗೆ ಬಾಗಿಲಾಚೆ ಬಾಗಲು ಪಟ್ಟಿ ಸಾಲುತ್ತಿರಲಿಲ್ಲ.

"'ಅಕ್ಕಾ, ಒಂದೇ ಒಂದು ಗೇಣು ಉದ್ದ ಮಾಡ್ಕೊಡಿ, ಕೆಳಗಿರೋರ ಕೈ ಸಿಗ್ತಿಲ್ಲ' ಅಂದ. 'ಸಾಹೇಬ್ರ ಹತ್ರ ಬರೆಸ್ಕೊಂಡು ಬಾ' ಅಂದೆ. ರೂಲ್ಸ್ ಅಲ್ವಾ ಸರ್? ಯುದ್ಧದ ಗಡಿಬಿಡೀಲಿ ಸಾಹೇಬ್ರು ಎಲ್ಲಿ ಸಿಗ್ತಾರೆ? ಬರಿಗೈಲಿ ಮತ್ತೆ ಬಂದ, ಮತ್ತೆ ಕಳಿಸ್ದೆ. ಮೂರನೇ ಸಲ ಬಂದಾಗ ಟೀ ಕುಡೀತಿದ್ದೆ. 'ನಿನ್ ಕಾಲು ಕತ್ತರಿಸ್ಕೊಂಡು ಬಾ ಹೋಗೋ' ಅಂದ್ಬಿಟ್ಟೆ. ನಗ್ತಾನೇ ಹೋದ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನೊಂದಿಗೆ ಅಕ್ಕ ಆಡಿದ ಕೊನೆಯ ಮಾತು ಅದೇ.

ಯುದ್ಧದ ಹನ್ನೊಂದನೆಯ ದಿನ ನಡೆದದ್ದನ್ನು ಪೈಲಟ್ ಬಂದು ಹೇಳಿದರಂತೆ. ನದಿಯ ಬಳಿ ಇಳಿಯಲು ಜಾಗವಿರಲಿಲ್ಲ. ಬಂಡೆಯ ಮೇಲೆ ನಿಂತ ಗಾಯಾಳು ಸೈನಿಕನೊಬ್ಬ ಕೈ ಚಾಚಿದ್ದ. ಎಷ್ಟು ಬಾಗಿದರೂ ಏಣಿಗೆ ಆ ಕೈ ಗೇಣಿನಷ್ಟು ದೂರ. ಏಣಿ ಸೊಂಟದ ಬಕಲ್ ಬಿಚ್ಚಿದ. ಇನ್ನೂ ಬಾಗಿ ಆ ಸೈನಿಕನನ್ನು ಒಳಗೆಳೆದು ಹಾಕಿದ. ಮತ್ತೆ ಪಟ್ಟಿ ಕಟ್ಟಿಕೊಳ್ಳುವಷ್ಟರಲ್ಲಿ ಗುಂಡು ತಗಲಿ ಹೆಲಿಕಾಪ್ಟರ್ ವಾಲಿತು, ಏಣಿ ನದಿಗೆ ಬಿದ್ದ. ಸೈನಿಕ ಬದುಕಿದ. ಏಣಿಯ ದೇಹವೂ ಸಿಗಲಿಲ್ಲ.

ಪಟ್ಟಿ ಮಾತ್ರ ವಾಪಸ್ ಬಂತು. ವಿಚಾರಣೆಗೆ ಬಂದವರು ಅದನ್ನು ಎಳೆದೆಳೆದು ನೋಡಿ, ಹೊಲಿಗೆಯಲ್ಲಿ ದೋಷವಿಲ್ಲವೆಂದು ಅಕ್ಕನಿಗೆ ಮೆಚ್ಚುಗೆ ಪತ್ರ ಕೊಟ್ಟು ಹೋದರು. ಆ ಪತ್ರ ದಾರದ ಡಬ್ಬಿಯ ತಳದಲ್ಲಿದೆ. "ಒಂದೆಳೆ ಬಿಟ್ಟಿರ್ಲಿಲ್ಲ ಸರ್. ಹೆಮ್ಮೆ ಪಡ್ಲೋ, ಅಳ್ಲೋ?" ಎನ್ನುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಹಾಗೆ, ಎರಡು ವರ್ಷದ ನಂತರ ಅಳತೆ ಬದಲಾಯಿತು. ಈಗಿನ ಪಟ್ಟಿಗಳನ್ನು ಎರಡು ಗೇಣು ಸಡಿಲಿಸಬಹುದು. ಅದಕ್ಕಾಗಿ ಅರ್ಜಿ ಮೇಲೆ ಅರ್ಜಿ ಹಾಕಿದ್ದು ಈ ಅಕ್ಕನೇ. ಈ ಸಂಗತಿ ನನಗೆ ತಿಳಿದದ್ದು ಶೆಡ್ಡಿನ ಕಾವಲುಗಾರನಿಂದ.

ಏಣಿಯ ತಾಯಿ ಇದೇ ಊರಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದಾರೆ. ಎದುರು ಸಿಕ್ಕಾಗಲೆಲ್ಲ ಅಕ್ಕನ ಕೈ ಹಿಡಿದು, "ನೀವು ಹೊಲಿದಿದ್ದು ಗಟ್ಟಿಯಾಗೇ ಇತ್ತಂತಲ್ಲ ತಾಯಿ," ಎನ್ನುತ್ತಾರಂತೆ. ಮಗ ಮೂರು ಸಲ ಕೇಳಿದ್ದು ಅವರಿಗೆ ಗೊತ್ತಿಲ್ಲ. ಹೇಳಿದರೆ ಆ ಕೈ ತಪ್ಪಿಹೋಗುತ್ತದೆ ಎಂಬ ಭಯಕ್ಕೆ ಅಕ್ಕ ಒಂಬತ್ತು ವರ್ಷ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಾರೆ.

"ಇದನ್ನೂ ಬರೀತೀರಾ?" ಎಂದು ಕೇಳುತ್ತಾರೆ. ಬೇಡವೆಂದರೆ ಬಿಡುತ್ತೇನೆ ಎನ್ನುತ್ತೇನೆ. ಅಕ್ಕ ಪಟ್ಟಿ ಮಡಿಸಿ ಪಕ್ಕಕ್ಕಿಡುತ್ತಾರೆ. "ಬರೀರಿ. ಆದ್ರೆ ಅವ್ರು ಪೇಪರಲ್ಲಿ ಓದೋದು ಬೇಡ. ಮೊದ್ಲು ನಾನೇ ಹೋಗಿ ಹೇಳ್ತೀನಿ."

ಗುರುವಾರ ಸಂಜೆ ಅವರ ಫೋನ್ ಬರುತ್ತದೆ. ಹೋಗಿದ್ದರಂತೆ. ಟೀ ಕುಡಿಯುತ್ತ ಆಡಿದ ಮಾತನ್ನೂ ಬಿಡದೆ ಎಲ್ಲ ಹೇಳಿದರಂತೆ. ಆ ತಾಯಿ ಎದ್ದು, "ನನ್ನ ಮನೆ ಮೆಟ್ಟಿಲು ಇನ್ನು ಹತ್ತಬೇಡಿ," ಎಂದು ಬಾಗಿಲು ಹಾಕಿಕೊಂಡರಂತೆ.

"ಬೈಕೊಳ್ಲಿ ಬಿಡಿ ಸರ್," ಎನ್ನುತ್ತಾರೆ ಅಕ್ಕ. "ಇಷ್ಟು ವರ್ಷ ಆ ತಾಯಿಗೆ ಸಿಟ್ಟು ಮಾಡ್ಕೊಳ್ಳೋಕೂ ಒಬ್ರು ಇರ್ಲಿಲ್ಲ. ಈಗ ನಾನಿದ್ದೀನಿ."